ಡಬ್ಬದ ಹಿಂಬದಿ ಓದಿ
ಜಿಮ್ಮಿಗೆ ಹೊಸದಾಗಿ ಸೇರಿದ ಹುಡುಗರ ಕಣ್ಣು ಮೊದಲು ಬೀಳೋದು ತೂಕ ಹೆಚ್ಚಿಸೋ ಪುಡಿ ಇರೋ ಆ ದೊಡ್ಡ 'ಮಾಸ್ ಗೇನರ್' ಡಬ್ಬದ ಮೇಲೆ. ಹಿಂಬದಿಯ ಸಣ್ಣಕ್ಷರ ಓದಿ ಸ್ವಾಮಿ, ಎಷ್ಟೋ ಸಲ ಪಟ್ಟಿಯ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಅಂದ್ರೆ ಪಿಷ್ಟದಿಂದ ತೆಗೆದ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರೋ ಪುಡಿ. ಅದಕ್ಕೆ ಸಾವಿರಾರು ರೂಪಾಯಿ ಯಾಕೆ ಸುರಿಯಬೇಕು? ಎರಡು ಏಲಕ್ಕಿ ಬಾಳೆಹಣ್ಣು ಹಾಕಿ ಮಿಕ್ಸಿ ತಿರುಗಿಸಿದ್ರೆ 25 ಗ್ರಾಂ ಆಸುಪಾಸು ಕಾರ್ಬ್ ಸಿಕ್ಕಿಬಿಡುತ್ತೆ.

ಪ್ರೋಟೀನಿಗೆ ಸಾದಾ ವೇ ಕಾನ್ಸಂಟ್ರೇಟ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಸಾಕು. 30 ಗ್ರಾಂ ಸ್ಕೂಪಿಗೆ 22–24 ಗ್ರಾಂ ಪ್ರೋಟೀನ್ ಇದೆಯಾ ನೋಡಿ. ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸುತ್ತೆ ಅನ್ನೋರಿಗೆ ವೇ ಐಸೊಲೇಟ್, ಅದರಲ್ಲಿ ಲ್ಯಾಕ್ಟೋಸ್ ಕಡಿಮೆ.

ರಾಗಿ ಹುರಿಹಿಟ್ಟೂ ಒಳ್ಳೇದೇ, ಆದ್ರೆ ವ್ಯಾಯಾಮ ಮುಗಿದ ಮೇಲೆ. ಮುಂಚೆ ಕುಡಿದು ಸ್ಕ್ವಾಟ್ ಹೊಡೆಯೋಕೆ ಹೋದ್ರೆ ಗಂಟಲಿಗೇ ಬರುತ್ತೆ!