ಅರೆಪಾವಿನ ಲೆಕ್ಕ

ಲೆಕ್ಕ ಅಂದರೆ ನನಗೆ ಹೊಟ್ಟೆ ತೊಳಸೋದು ಶುರುವಾದದ್ದು ಏಳನೇ ಕ್ಲಾಸಿನಲ್ಲಿ, ಭಿನ್ನರಾಶಿಯ ಭಾಗಾಕಾರ ಬಂದಾಗ. ಅಲ್ಲೀತನಕ ಇಪ್ಪತ್ತರ ಮಗ್ಗಿ ಒಪ್ಪಿಸಿ ಬೀಗುತ್ತಿದ್ದವಳು ನಾನು. 'ಎರಡನೇದನ್ನ ತಲೆಕೆಳಗು ಮಾಡಿ ಗುಣಿಸಿ' ಅಂದರು ಮೇಷ್ಟ್ರು. ಯಾಕೆ ಸಾರ್ ಅಂದದ್ದಕ್ಕೆ ಪೀರಿಯಡ್ ಮುಗಿಯೋವರೆಗೂ ಬೆಂಚಿನ ಮೇಲೆ ನಿಲ್ಲಿಸಿದರು. ಭಾಗಿಸಿದರೆ ಕಡಿಮೆಯಾಗಬೇಕಾದ್ದು ಜಾಸ್ತಿ ಹೇಗಾಗುತ್ತೆ ಅನ್ನೋ ಪ್ರಶ್ನೆ ಆ ಬೆಂಚಿನ ಮೇಲೇ ಉಳಿದುಹೋಯ್ತು. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡದ್ದು ಸಾಹಿತ್ಯದ ಮೇಲಿನ ಪ್ರೀತಿಯಿಂದ ಅಂತ ಎಲ್ಲರಿಗೂ ಹೇಳಿದ್ದೇನೆ. ನೀವೂ ಹಾಗೇ ನಂಬಿಕೊಂಡಿರಿ :-)

ಈಗ ಮಗಳು ಏಳನೇ ಕ್ಲಾಸು. ಅದೇ ಪಾಠ. ಮುಕ್ಕಾಲನ್ನು ಎಂಟನೇ ಒಂದರಿಂದ ಭಾಗಿಸಬೇಕಂತೆ. ಪುಸ್ತಕ ನೋಡಿದ್ದೇ ನನ್ನ ಅಂಗೈ ಒದ್ದೆ! ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದ ಅಮ್ಮ (ಓದಿದ್ದು ನಾಲ್ಕನೇ ಕ್ಲಾಸು) 'ಮುಕ್ಕಾಲು ಸೇರು ಅಕ್ಕಿ ಅರೆಪಾವಿನಲ್ಲಿ ಅಳೆದರೆ ಎಷ್ಟು ಸಲ ಆಗತ್ತೆ ಪುಟ್ಟಿ?' ಅಂದಳು. ಪಾವು ಅಂದರೆ ಕಾಲು ಸೇರು, ಅರೆಪಾವು ಅದರಲ್ಲಿ ಅರ್ಧ. ಅಟ್ಟದಿಂದ ಹಳೇ ಹಿತ್ತಾಳೆ ಅರೆಪಾವು ಇಳಿಸಿ ಅಳೆದೇಬಿಟ್ಟೆವು. ಆರು ಸಲ.

ಭಾಗಿಸೋದು ಅಂದರೆ 'ಇದರಲ್ಲಿ ಅದು ಎಷ್ಟು ಸಲ' ಅಂತ ಕೇಳೋದು, ಅಷ್ಟೇ ಮಾರಾಯ್ರೆ! ಅಳತೆ ಚಿಕ್ಕದಾದಷ್ಟೂ ಸಲ ಜಾಸ್ತಿ. ಒಂದು ಸೇರಿಗೆ ಎಂಟು ಅರೆಪಾವು, ಹಾಗಾಗಿ ಮುಕ್ಕಾಲನ್ನ ಎಂಟರಿಂದ ಗುಣಿಸೋದು. ತಲೆಕೆಳಗು ಮಾಡಿ ಅಂದದ್ದು ಇದಕ್ಕೆ. ಹೇಳೋಕೆ ಐದು ನಿಮಿಷವೂ ಬೇಕಿರಲಿಲ್ಲ.

ಆ ರಾತ್ರಿ ಕುತೂಹಲಕ್ಕೆ ಹುಡುಕಿದೆ. ಇದೇ ಸೂತ್ರ 9ನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿದೆ. ಅದೇ ಪುಸ್ತಕದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂತಲೂ ಬರೆದಿದ್ದಾರೆ. ಅದು ತಪ್ಪು. ಅಷ್ಟು ದೊಡ್ಡವರೂ ಎಡವಿದ್ದಾರಲ್ಲ ಅಂತ ಒಳಗೊಳಗೇ ಖುಷಿಯಾಯ್ತು ನೋಡಿ.

ಇನ್ನೊಂದು ಸಿಕ್ಕಿತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ತೋರಿಸಿದ್ದು: ಲೆಕ್ಕದ ಹೆದರಿಕೆ ಇರುವವರಿಗೆ, ಲೆಕ್ಕ ಮಾಡುವ ಹೊತ್ತಿಗೆ ಅಂಕಿಗಳನ್ನ ಮನಸ್ಸಲ್ಲಿ ಹಿಡಿದಿಟ್ಟುಕೊಳ್ಳೋ ಜಾಗವನ್ನೇ ಆ ಹೆದರಿಕೆ ತಿಂದುಬಿಡುತ್ತದಂತೆ. ದಶಕ ಹಿಡಿದು ಕೂಡೋ ಲೆಕ್ಕದಲ್ಲಿ ಅವರು ಎಡವೋದು ಜಾಸ್ತಿ. ಗಡಿಯಾರ ಇಟ್ಟು 'ಬೇಗ ಬೇಗ' ಅನ್ನೋ ಬಾಯಿಲೆಕ್ಕದ ಸ್ಪರ್ಧೆಗಳ ಮೇಲೆ ನನಗೆ ಮೊದಲೇ ಸಿಟ್ಟಿತ್ತು, ಈಗ ಕಾರಣವೂ ಸಿಕ್ಕಿತು.

ಎರಡು ತಿಂಗಳಿಂದ ದಿನಾ ರಾತ್ರಿ ಮಗಳ ಪುಸ್ತಕದಿಂದ ನಾಲ್ಕು ಲೆಕ್ಕ ಮಾಡುತ್ತಿದ್ದೇನೆ. ಹಾಳೆ ತುಂಬಾ ಬರೆದುಕೊಂಡು, ನಿಧಾನಕ್ಕೆ. ಮೊದಲನೇ ಲೆಕ್ಕಕ್ಕೆ ಎದೆ ಇನ್ನೂ ಡವಡವ ಅನ್ನುತ್ತೆ, ಮೂರನೇದರ ಹೊತ್ತಿಗೆ ಮರೆತೇಹೋಗಿರುತ್ತೆ. ಮಗಳು ಉತ್ತರ ನೋಡಿ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಾಳೆ. ನಿನ್ನೆ ನಾಲ್ಕಕ್ಕೆ ಮೂರು ಸರಿ. ನಾಳೆಯಿಂದ ಬೀಜಗಣಿತವಂತೆ... ಅದನ್ನ ಯಾವ ಪಾವಿನಲ್ಲಿ ಅಳೀತಾರೆ, ಗೊತ್ತಿದ್ದವರು ಹೇಳ್ರಪ್ಪ.