ಮೇಷ್ಟರ ಎರಡನೆಯ ಗ್ರೈಂಡರು

ಶ್ರೀನಿವಾಸಪುರದ ನಿವೃತ್ತ ಮೇಷ್ಟರೊಬ್ಬರು ಮನೆಗೆ ಗ್ರೈಂಡರ್ ತರುವುದಾಗಿ ಹೇಳಿದಾಗ ಅವರ ಮಡದಿಗಾದ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ದೋಸೆಯ ಹಿಟ್ಟು ರುಬ್ಬುವ ಹಳೆಯ ಯಂತ್ರ ಆರು ತಿಂಗಳಿಂದ ಸೊಲ್ಲಡಗಿ ಕುಳಿತಿದ್ದುದರಿಂದ ಆಕೆ ಹಾಗೆ ತಿಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೇಷ್ಟರು ಕೋಲಾರದಿಂದ ಕಂಕುಳಲ್ಲಿ ಅವುಚಿಕೊಂಡು ತಂದ ಪೆಟ್ಟಿಗೆಯಿಂದ ಹೊರಬಿದ್ದುದು, ಮೊಳದುದ್ದವೂ ಇಲ್ಲದ, ಮೂತಿ ಒಂದು ಪಕ್ಕಕ್ಕೆ ಹೊರಳಿದ ಒಂದು ವಿಚಿತ್ರ ಸಾಧನ.

"ಇದರಲ್ಲಿ ಉದ್ದು ಎಲ್ಲಿ ಹಾಕುವುದು?" ಎಂದು ಆಕೆ ಕೇಳಿದರು. ಅದು ಕಬ್ಬಿಣವನ್ನು ಕೊಯ್ಯುವ, ಉಜ್ಜುವ ಗ್ರೈಂಡರ್ ಎಂದು ತಿಳಿದ ಮೇಲೆ ಮತ್ತೇನನ್ನೂ ಕೇಳಲಿಲ್ಲ. ಕೇಳದಿರುವುದರಲ್ಲಿಯೂ ಒಂದು ಬಗೆಯ ಮಾತಿದೆಯೆಂಬುದು ಸಂಸಾರಿಗಳಾದ ವಾಚಕರಿಗೆ ಹೊಸ ವಿಷಯವೇನಲ್ಲ.

ಇದಕ್ಕೆಲ್ಲ ಕಾರಣ ಹಿತ್ತಿಲ ಮಾವಿನ ಮರದ ಕೆಳಗೆ ನಿಂತಿದ್ದ ಅಂಬಾಸಿಡರ್ ಕಾರು. ಮೇಷ್ಟರ ತಂದೆ ಅದನ್ನು ಬಾಡಿಗೆಗೆ ಓಡಿಸಿದವರು. ಕೋಲಾರದ ಆಸ್ಪತ್ರೆಗೆ ತುಂಬು ಗರ್ಭಿಣಿಯರನ್ನು, ಮುಳಬಾಗಿಲಿನ ಆಂಜನೇಯನ ಗುಡಿಗೆ ಹರಕೆ ಹೊತ್ತವರನ್ನು ಸಾಗಿಸಿದ ಆ ಕಾರೇ ಮೇಷ್ಟರ ಕಾಲೇಜಿನ ಫೀಜನ್ನೂ ಇಬ್ಬರು ತಂಗಿಯರ ಮದುವೆಯ ಖರ್ಚನ್ನೂ ಹೊತ್ತಿದ್ದಿತು. 2014ರಲ್ಲಿ ಬಂಗಾಳದ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರನ್ನು ತಯಾರಿಸುವುದನ್ನೇ ನಿಲ್ಲಿಸಿತು. ತಂದೆ ತೀರಿಕೊಂಡುದೂ ಆ ವರ್ಷವೇ. ಅಂದಿನಿಂದ ಎಲೆ ಉದುರಿ, ಅಂಟು ಸುರಿದು, ಮಳೆ ನೀರು ನಿಂತು, ಬಾಗಿಲ ಕೆಳಗಿನ ಹಲಗೆಗಳೂ ಡಿಕ್ಕಿಯ ತಳವೂ ತುಕ್ಕಿಗೆ ಆಹಾರವಾಗಿದ್ದವು. ಬೆಂಗಳೂರಿನಲ್ಲಿದ್ದ ಮಗ, "ಗುಜರಿಗೆ ಹಾಕಿಬಿಡಿ ಅಪ್ಪಾ" ಎಂದಿದ್ದನು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದನು. ಯುಗಾದಿಯೊಳಗಾಗಿ ಕಾರಿಗೆ ಒಂದು ರೂಪ ಬಾರದಿದ್ದರೆ ಅವನಿಗೇ ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿದ್ದಿತು.

ಮೊದಲ ಗ್ರೈಂಡರಿನ ಆಯುಸ್ಸು ಹನ್ನೆರಡು ದಿನ. ಅಗ್ಗವೆಂಬ ಒಂದೇ ಗುಣಕ್ಕಾಗಿ ಅದನ್ನು ಆರಿಸಿದ್ದಾಗಿತ್ತು. ಹದಿಮೂರನೆಯ ದಿನ ಮಧ್ಯಾಹ್ನ ಸುಟ್ಟ ರಬ್ಬರಿನ ವಾಸನೆ ಬಂದಿತು, ಹೊಗೆ ಬಂದಿತು, ಆಮೇಲೆ ಏನೂ ಬರಲಿಲ್ಲ. ಅಂಗಡಿಯವನು, "ಇದಕ್ಕೆ ಬಿಡಿಭಾಗ ಸಿಕ್ಕುವುದಿಲ್ಲ ಸಾರ್, ಹೊಸದನ್ನೇ ತೆಗೆದುಕೊಳ್ಳಿ" ಎಂದು ಉದಾರವಾಗಿ ಸಲಹೆ ಕೊಟ್ಟನು.

ಮೇಷ್ಟರು ಸುಟ್ಟ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಮುಳಬಾಗಿಲಿಗೆ ಹೋದರು. ಹೆದ್ದಾರಿಯ ಪಕ್ಕದಲ್ಲಿ ತಂದೆಯ ಕಾಲದಿಂದಲೂ ಆ ಕಾರನ್ನು ಬಲ್ಲ ಟಿಂಕರಿಂಗ್ ಮಿಸ್ತ್ರಿಯೊಬ್ಬರಿದ್ದರು. ಸಾಹೇಬರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿದ್ದಿತು. ಅವರು ಯಂತ್ರವನ್ನು ಮೂಸಿ ನೋಡಿ, "ಇದನ್ನು ಕೊಂಡದ್ದು ಒಂದು ತಪ್ಪು ಮೇಷ್ಟ್ರೇ. ಒತ್ತಿ ಹಿಡಿದದ್ದು ಇನ್ನೊಂದು. ಕರೆಂಟು ಎಲ್ಲಿಂದ ಎಳೆದಿದ್ದಿರಿ?" ಎಂದರು. ನಡುಮನೆಯಿಂದ ಹಿತ್ತಿಲವರೆಗೆ ಟೇಬಲ್ ಫ್ಯಾನಿನ ಸಣ್ಣ ತಂತಿಯನ್ನೇ ಗಂಟು ಹಾಕಿ ಎಳೆದಿದ್ದುದನ್ನು ಮೇಷ್ಟರು ಒಪ್ಪಿಕೊಂಡರು. ಸಣ್ಣ ತಂತಿಯಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ಮೇಲಿನಿಂದ ಒತ್ತಿದರೆ ಮೋಟಾರಿನ ವೇಗ ಕುಗ್ಗುತ್ತದೆ, ವಿದ್ಯುತ್ತು ಹೆಚ್ಚು ಹರಿಯುತ್ತದೆ, ತಂಪು ಮಾಡಬೇಕಾದ ಒಳಗಿನ ಫ್ಯಾನೂ ನಿಧಾನವಾಗುತ್ತದೆ. ಸುಡದೆ ಇನ್ನೇನಾದೀತು?

ಬಳಿಕ ಸಾಹೇಬರು ಕೇಳದೆಯೇ ತಮ್ಮ ಕಣ್ಣಿನ ಕಥೆ ಹೇಳಿದರು. ನಾಲ್ಕಂಗುಲದ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಬಿಲ್ಲೆಯ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮೇಲ್ಪಟ್ಟು ಓಡುತ್ತದೆ. ಮೇಷ್ಟರ ಅಂಬಾಸಿಡರ್ ಅದರ ಅರ್ಧವನ್ನು ಕಂಡುದೂ ಇಳಿಜಾರಿನಲ್ಲಿ ಮಾತ್ರ. ಬಿಲ್ಲೆಯ ಮೇಲೆ ಸೆಕೆಂಡಿಗೆ 80 ಮೀಟರ್ ಎಂಬ ಮಿತಿ ಅಚ್ಚಾಗಿರುತ್ತದೆ. ಸಾಹೇಬರು ಒಂದು ದಿನ ಅವಸರಕ್ಕೆ ಗಾರ್ಡನ್ನು ಕಳಚಿ, ದೊಡ್ಡ ತೂತಕ್ಕೆ ತಗಡಿನ ಉಂಗುರ ತುರುಕಿ, ಏಳಂಗುಲದ ಬಿಲ್ಲೆಯನ್ನು ಆ ಪುಟ್ಟ ಯಂತ್ರಕ್ಕೇ ಹಾಕಿದರು. ಅಂಚಿನ ವೇಗ 100 ಮೀಟರನ್ನು ದಾಟಿತು. ಬಿಲ್ಲೆ ಒಡೆಯಿತು.

"ಆವತ್ತಿನಿಂದ ಒಂದೇ ಕಣ್ಣಲ್ಲಿ ಗೆರೆ ಎಳೀತೀನಿ. ನಿಮಗೂ ಪೊರೆ ತೆಗೆದ ಕಣ್ಣು. ಯಾವ ಮೆಷಿನ್ ಬೇಕಾದರೂ ತಗೊಳ್ಳಿ, ಗಾರ್ಡು ಕಳಚುವುದಾದರೆ ನನ್ನ ಹತ್ತಿರ ಬರಬೇಡಿ" ಎಂದರು.

ಗಟ್ಟಿ ಯಂತ್ರ ಯಾವುದೆಂದು ತಿಳಿಯಲು ಮೇಷ್ಟರನ್ನು ಅವರು ಕಳುಹಿಸಿದುದು ಯಾವ ಗ್ಯಾರೇಜಿಗೂ ಅಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ. ವಿಗ್ರಹ ಕಡೆಯುವ ಶಿಲ್ಪಿಗಳ ಊರು ಅದು. ಉಳಿ ಸುತ್ತಿಗೆಗಳ ಜೊತೆಗೆ ಈಗ ಅಲ್ಲಿ ಗ್ರೈಂಡರಿನ ಸದ್ದೂ ಬೆರೆತಿದೆ. ಕಬ್ಬಿಣ ಕೊಯ್ಯುವವನ ಯಂತ್ರ ಕಿಡಿಯನ್ನು ಕಾಣುತ್ತದೆ, ಕಲ್ಲು ಕೊಯ್ಯುವವನ ಯಂತ್ರ ಧೂಳನ್ನೇ ಉಸಿರಾಡುತ್ತದೆ. ಆ ಧೂಳಿನಲ್ಲಿ ಬದುಕಿದ ಯಂತ್ರ ಎಲ್ಲಿಯಾದರೂ ಬದುಕೀತು ಎಂಬುದು ಸಾಹೇಬರ ತರ್ಕ.

ಅರ್ಧ ಮೂಡಿದ ನಂದಿಯೊಂದರ ಬೆನ್ನಿನ ಮೇಲೆ ಯಂತ್ರವನ್ನಿಟ್ಟು ಯುವಕ ಶಿಲ್ಪಿಯೊಬ್ಬನು ಮೇಷ್ಟರಿಗೆ ಪಾಠ ಹೇಳಿದನು. ಮೇಷ್ಟರು ಪಾಠ ಹೇಳಿಸಿಕೊಂಡು ಬಹಳ ವರ್ಷವಾಗಿದ್ದಿತು. ಗ್ರೈಂಡರಿನಲ್ಲಿ ಮೊದಲು ಸವೆಯುವುದು ಕಾರ್ಬನ್ ಬ್ರಷ್ಷು. ಅದು ಸವೆಯಲೆಂದೇ ಇರುವುದು. ಹೊರಗಿನ ಮುಚ್ಚಳ ತಿರುಗಿಸಿದರೆ ಅದು ಕೈಗೆ ಬರುವಂತಿರಬೇಕು. ಮೂತಿಯ ಹಲ್ಲುಚಕ್ರಗಳ ಪೆಟ್ಟಿಗೆ ಲೋಹದ್ದಾಗಿರಬೇಕು. ಬಿಲ್ಲೆ ಕೂರುವ ದಂಡವನ್ನು ಹಿಡಿದು ಅಲುಗಿಸಿದರೆ ಕಡಕಡ ಎನ್ನಬಾರದು. ಸಂಜೆ ಕೆಲಸ ಮುಗಿದೊಡನೆ ಗಾಳಿ ಹಾಯಿಸಿ ಒಳಗಿನ ಧೂಳನ್ನು ಊದಿ ತೆಗೆಯಬೇಕು. "ಇದೆಲ್ಲಕ್ಕಿಂತ ಮುಖ್ಯ, ಆರ್ಮೇಚರ್ರೂ ಬ್ರಷ್ಷೂ ಕೋಲಾರದ ಅಂಗಡಿಯಲ್ಲಿ ಸಿಕ್ಕುತ್ತವೆಯೇ ಅಂತ ಕೇಳಿ ಆಮೇಲೆ ಮೆಷಿನ್ನಿನ ಬೆಲೆ ಕೇಳಿ ಸಾರ್" ಎಂದನು.

ಎರಡನೆಯ ಸಲ ಕೋಲಾರಕ್ಕೆ ಹೋದ ಮೇಷ್ಟರು ಬೇರೆ ಮನುಷ್ಯರಾಗಿದ್ದರು. ಏಳಂಗುಲದ ಭಾರಿ ಯಂತ್ರವನ್ನು ಕಾರಿನ ತಗಡಿಗೆ ಅನಾವಶ್ಯಕವೆಂದು ಬಿಟ್ಟು, 800 ವಾಟಿನ ಆಸುಪಾಸಿನ ನಾಲ್ಕಂಗುಲದ್ದನ್ನು ಹಿಡಿದರು. ತಂತಿಯ ಬ್ರಷ್ಷಿನಿಂದ ಬಣ್ಣ ಕೆರೆಯುವಾಗ ವೇಗ ತಗ್ಗಿಸಲು ತಿರುಗುಗುಂಡಿ ಇರುವುದನ್ನೇ ಕೇಳಿದರು. ಕೈ ಬಿಟ್ಟೊಡನೆ ನಿಲ್ಲುವ ಸ್ವಿಚ್ಚು ಬೇಕೆಂದರು. ಬಿಲ್ಲೆಯ ನಡುವಿನ ಲೋಹದ ಉಂಗುರದ ಮೇಲಿನ ತಾರೀಖನ್ನು ಕನ್ನಡಕ ಏರಿಸಿ ಓದಿ, ಅವಧಿ ಮೀರಿದ ಎರಡನ್ನು ಹಿಂದಿರುಗಿಸಿದರು. ಅಂಗಡಿಯವನು ಇವರನ್ನು ಯಾವುದೋ ಇಲಾಖೆಯ ಅಧಿಕಾರಿಯೆಂದೇ ಭಾವಿಸಿ ಕಾಫಿ ತರಿಸಿದನು. ಬೆಲೆ ಮೊದಲಿನದರ ಮೂರರಷ್ಟು. ಮನೆಯಲ್ಲಿ ಹೇಳಿದುದು ಎರಡರಷ್ಟು ಮಾತ್ರ.

ಸಾಹೇಬರು ಮುಂದಿನ ಭಾನುವಾರ ತಾವೇ ಬಂದರು. ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಇಳಿಸಿದರು. ಕಿಡಿಗಳು ಗಾಜಿಗೆ ಕಚ್ಚಿಕೊಂಡರೆ ಮತ್ತೆ ಬಿಡುವುದಿಲ್ಲವಾದುದರಿಂದ ಒದ್ದೆ ಗೋಣಿಯನ್ನು ಹೊದಿಸಿದರು. ಮೇಷ್ಟರು ಬಲಹಿಂಬದಿಯ ಮಡ್‌ಗಾರ್ಡಿನ ಮೇಲೆ ಒತ್ತದೆ, ಒಂದೆಡೆ ನಿಲ್ಲಿಸದೆ, ತಂತಿಯ ಬ್ರಷ್ಷನ್ನು ಆಡಿಸಿದರು. ಕಪ್ಪು ಬಣ್ಣ ಹೋಯಿತು, ಪಟ್ಟಿ ಹೋಯಿತು. ಅದರ ಕೆಳಗೆ ಅಂಗೈಯಗಲದ ಬೇರೊಂದು ತಗಡು ಕಂಡಿತು. ಸೀಮೆಎಣ್ಣೆಯ ಡಬ್ಬದಿಂದ ಕತ್ತರಿಸಿ, ನಾಲ್ಕು ಕಡೆ ರಿವೆಟ್ ಹೊಡೆದ ತೇಪೆ. ರಿವೆಟ್ಟುಗಳು ಒಂದು ಸಾಲಿನಲ್ಲಿರಲಿಲ್ಲ.

ಸಾಹೇಬರು ಬಾಗಿ ನೋಡಿ, "ಇದು ನನ್ನ ಕೆಲಸವಲ್ಲ. ನಿಮ್ಮಪ್ಪ ದುಡ್ಡಿಲ್ಲದ ವರ್ಷ ತಾವೇ ಹೊಡಕೊಂಡದ್ದು" ಎಂದರು. ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದಿದ್ದ ಮಡದಿ, "ಅದನ್ನೂ ಕೊಯ್ಯಲೇಬೇಕೇ?" ಎಂದು ಕೇಳಿದರು.

ಸುತ್ತಲಿನ ತಗಡೆಲ್ಲ ಜಾಲರಿಯಾಗಿದ್ದಿತು. ಸಾಹೇಬರು ಒಂದು ಕಣ್ಣು ಮುಚ್ಚಿ, ತೇಪೆ ಇಡಿಯಾಗಿ ಉಳಿಯುವಂತೆ ಅದರ ಹೊರಗೆ ಎರಡಂಗುಲ ಬಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದರು. ಮೇಷ್ಟರು ಬ್ರಷ್ಷನ್ನು ಬಿಚ್ಚಿ ಕೊಯ್ಯುವ ಬಿಲ್ಲೆಯನ್ನು ಹಾಕಿದರು, ಗಾರ್ಡನ್ನು ಮುಟ್ಟಿ ನೋಡಿದರು, ಮುಖಕವಚವನ್ನು ಕೆಳಗೆ ಎಳೆದುಕೊಂಡರು.