ನೇತ್ರಾಣಿಯ ಕಡಲೂ ನನ್ನ ಲೆಕ್ಕವೂ

ಮುರುಡೇಶ್ವರದ ಕಡಲತಡಿಯಿಂದ ನಮ್ಮ ದೋಣಿ ಹೊರಟಾಗ ಸೂರ್ಯನು ಸಹ್ಯಾದ್ರಿಯ ಹಿಂದಿನಿಂದ ಮೇಲೇರುತ್ತಿದ್ದನು. ಕಂದುಕಗಿರಿಯ ಮೇಲಿನ 123 ಅಡಿ ಎತ್ತರದ ಶಿವಮೂರ್ತಿಯು ನೋಡನೋಡುತ್ತ ಕಿರಿದಾಗಿ ಹೆಬ್ಬೆರಳಿನಷ್ಟಾಯಿತು. ಮುಂದೆ, ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ನೇತ್ರಾಣಿ ದ್ವೀಪ. ಪಾರಿವಾಳ ಗುಡ್ಡವೆಂಬ ಹೆಸರೂ ಇದಕ್ಕುಂಟು. ಮೇಲೆ ಕಡಿದಾದ ಬಂಡೆ, ನೆತ್ತಿಯಲ್ಲಿ ಹಸಿರು. ನೀರಿನೊಳಗೆ ಹವಳಗಳ ನಡುವೆ ಗಿಳಿಮೀನು, ಚಿಟ್ಟೆಮೀನುಗಳ ಸಂಸಾರ.

ಆ ಸಂಸಾರವನ್ನು ನೋಡಲೆಂದೇ ನಾನೂ ನನ್ನ ಮಿತ್ರರೂ ಬಂದಿದ್ದೆವು. ಆದರೆ ದೋಣಿಯ ಓಲಾಟಕ್ಕೆ ಮಿತ್ರರ ಹೊಟ್ಟೆ ತೊಳಸಿ ಅವರು ಹಲಗೆಯ ಮೇಲೆ ಒರಗಿಬಿಟ್ಟರು. ಶಿಕ್ಷಕರು ಹೊಸಬರಿಬ್ಬರನ್ನು ಕರೆದುಕೊಂಡು, ನನಗೆ ಕಾಯುವಂತೆ ಹೇಳಿ, ಆಗಲೇ ಮುಳುಗಿದ್ದರು. ನೀರು ಕನ್ನಡಿಯಂತಿತ್ತು. ಸಿಲಿಂಡರು ತುಂಬಿತ್ತು. ನಲವತ್ತೊಂದು ಬಾರಿ ಮುಳುಗೆದ್ದ ನನಗೆ ಕಾಯುವುದೇಕೆ ಎನ್ನಿಸಿತು.

ನಾನು ಪಟ್ಟಿಗಳನ್ನು ಬಿಗಿಯುತ್ತಿದ್ದುದನ್ನು ಕಂಡ ವೃದ್ಧ ತಾಂಡೇಲನು ಬೀಡಿಯನ್ನು ಬಾಯಿಂದ ತೆಗೆದು, “ಒಬ್ಬರೇ ಹೋಗ್ತೀರಿ, ಸರಿ ಸ್ವಾಮೀ. ಬೆನ್ನಿಗೆ ಬಲೆ ಸಿಕ್ಕಿದರೆ ಬಿಡಿಸುವವರು ಯಾರು?” ಎಂದನು.

ನಾನು ಬೆಚ್ಚಿದೆ. ಎರಡು ವರ್ಷಗಳ ಹಿಂದೆ ನನಗೆ ಆದುದೇ ಅದು! ಹನ್ನೆರಡು ಮೀಟರು ಆಳದಲ್ಲಿ ತುಂಡಾದ ಬಲೆಯೊಂದು ಸಿಲಿಂಡರಿನ ಕೊರಳಿಗೆ ಸುತ್ತಿಕೊಂಡಿತ್ತು. ಕೈಯನ್ನು ಎಷ್ಟು ತಿರುಚಿದರೂ ಎಟುಕಲಿಲ್ಲ. ಅಂದು ಚಾಕುವಿನಿಂದ ಅದನ್ನು ಕತ್ತರಿಸಿದವರು, ಇಂದು ಹಲಗೆಯ ಮೇಲೆ ಮಲಗಿದ್ದ ಇದೇ ಮಿತ್ರರು. ಈ ಸಂಗತಿಯನ್ನು ತಾಂಡೇಲನಿಗೆ ಯಾರೂ ಹೇಳಿರಲಿಲ್ಲ. ಬಲೆಯ ಸ್ವಭಾವ ಅವನಿಗೆ ಗೊತ್ತಿತ್ತು, ಅಷ್ಟೆ.

ಪಟ್ಟಿಯನ್ನು ಸಡಿಲಿಸಿ ಲೆಕ್ಕಕ್ಕೆ ಕುಳಿತೆ. ಸಮುದ್ರದಲ್ಲಿ ಪ್ರತಿ 10 ಮೀಟರು ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ನಿಮಿಷಕ್ಕೆ 20 ಲೀಟರು ಗಾಳಿ ಸಾಕೆನ್ನುವವನಿಗೆ 20 ಮೀಟರು ಆಳದಲ್ಲಿ 60 ಲೀಟರು ಬೇಕು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಸುಮಾರು 2,400 ಲೀಟರು. ಎಂದರೆ ಕೊನೆಯ ಉಸಿರಿನವರೆಗೆ 40 ನಿಮಿಷ. ಭಯದಿಂದ ಉಸಿರಾಟ ಇಮ್ಮಡಿಯಾದರೆ ಉಳಿಯುವುದು 20. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುವಂತೆಯೂ ಇಲ್ಲ. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಸೀಳಬಲ್ಲದು. ಜೊತೆಗಾರನಿದ್ದರೆ ಅವನ ಸಿಲಿಂಡರಿನಿಂದ ಉಸಿರಾಡುತ್ತ ನಿಧಾನವಾಗಿ ಮೇಲೇರಬಹುದು. ಒಬ್ಬಂಟಿಗನು ಆ ಎರಡನೆಯ ಗಾಳಿಯನ್ನೂ ತಾನೇ ಹೊತ್ತಿರಬೇಕು.

ಒಬ್ಬಂಟಿಯಾಗಿ ಮುಳುಗುವುದು ಸರ್ವಥಾ ಹುಚ್ಚುತನವೆಂದು ನಾನು ಹೇಳಲಾರೆ. ಅದನ್ನು ಕಲಿಸುವ ಸಂಸ್ಥೆಗಳೂ ಇವೆ. ಅಂಥದೊಂದು ಸಂಸ್ಥೆಯು ಕಲಿಯಬಂದವನಿಂದ ಕನಿಷ್ಠ 21 ವರ್ಷದ ವಯಸ್ಸನ್ನೂ 100 ಬಾರಿ ಮುಳುಗಿದ ದಾಖಲೆಯನ್ನೂ ಕೇಳುತ್ತದೆ. ನನ್ನ ಪುಸ್ತಕದಲ್ಲಿದ್ದುದು ನಲವತ್ತೊಂದು. ಎರಡನೆಯ ಸಿಲಿಂಡರು ಇರಲಿಲ್ಲ. ಹಿಂದಿನ ರಾತ್ರಿ ಬಸ್ಸಿನಲ್ಲಿ ನಿದ್ದೆಯೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಾಯಲಾರದ ಆತುರವನ್ನೇ ನಾನು ಧೈರ್ಯವೆಂದು ಕರೆದುಕೊಂಡಿದ್ದೆ. ಬೆನ್ನಿನ ಬಲೆಗೆ ಎಟುಕದ ಕೈ ಧೈರ್ಯದಿಂದ ಉದ್ದವಾಗುವುದುಂಟೆ?

ರೆಗ್ಯುಲೇಟರನ್ನು ಕಳಚಿಟ್ಟು ಮಿತ್ರರಿಗೆ ನಿಂಬೆಹಣ್ಣು ಹಿಂಡಿಕೊಟ್ಟೆ. ತುಸು ಚೇತರಿಸಿಕೊಂಡ ಅವರು ಕಣ್ಣು ತೆರೆದು, “ನೀವು ಹೋಗಲಿಲ್ಲವೆ?” ಎಂದು ಕೇಳಿದರು.

“ಚಾಕು ಹಿಡಿಯುವವರು ಮಲಗಿದ್ದರಲ್ಲ!” ಎಂದೆ.

ಅವರು ನಕ್ಕರು. ದೋಣಿಯ ಬಳಿ ನೀರಿನ ಗುಳ್ಳೆಗಳೆದ್ದವು. ಮೊದಲು ಹೊಸಬರಿಬ್ಬರ ತಲೆಗಳು, ಅವುಗಳ ಹಿಂದೆ ಶಿಕ್ಷಕರದು. ತಾಂಡೇಲನು ಒಂದು, ಎರಡು, ಮೂರು ಎಂದು ಬೆರಳು ಮಡಿಸಿ ಎಣಿಸಿ, ಆಮೇಲೆ ಬೀಡಿ ಹಚ್ಚಿದನು.